ಕಪ್ಪು ಹರಳನ್ನು ಒರೆಗೆ ಹಚ್ಚುವ ಡಬ್ಬಿ: ಖನಿಜ ಪರೀಕ್ಷೆಯ ಕಿಟ್ ಕೊಳ್ಳಬಹುದೆ?

ಕೊಳ್ಳಬಹುದು, ಆದರೆ ಡಬ್ಬಿಯ ಅರ್ಧ ಸಾಮಾನು ದಂಡ. ಹಳೆಯ ಕಲ್ಲುಕ್ವಾರಿಯಲ್ಲಿ ಸಿಕ್ಕ ಕಪ್ಪು ಹರಳು ಯಾವುದೆಂದು ತಿಳಿಯಲು ಆನ್‌ಲೈನ್‌ನಲ್ಲಿ ಸಿಗುವ ‘ಮಿನರಲ್ ಟೆಸ್ಟ್ ಕಿಟ್’ಗಳ ಹೆಸರು ಬೇರೆಬೇರೆ, ಒಳಗಿರುವುದು ಹೆಚ್ಚುಕಮ್ಮಿ ಒಂದೇ. ಗಡಸುತನ ಅಳೆಯಲು ಒಂಬತ್ತು ಕಲ್ಲಿನ ಚೂರು, ಬಿಳಿ ಮತ್ತು ಕಪ್ಪು ಒರೆಬಿಲ್ಲೆ (ಹರಳನ್ನು ಎಳೆದು ಪುಡಿಯ ಬಣ್ಣ ನೋಡುವ ಪಿಂಗಾಣಿ ತುಂಡು) ಒಂದೊಂದು, ಒಂದು ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಮಸೂರ), ಒಂದು ಪುಟ್ಟ ಅಯಸ್ಕಾಂತ, ಗಾಜಿನ ತುಂಡು, ಉಕ್ಕಿನ ಮೊಳೆ, ಆಸಿಡ್‌ಗೆಂದು ಖಾಲಿ ಡ್ರಾಪರ್ ಬಾಟಲಿ, ಅಂಗೈಯಗಲದ ನೇರಳಾತೀತ ಟಾರ್ಚು, ಕೊನೆಗೊಂದು ಬಣ್ಣಬಣ್ಣದ ಕೈಪಿಡಿ. ಇದರಲ್ಲಿ ಒರೆಬಿಲ್ಲೆ ಮತ್ತು ಲೂಪ್ ಕೊಟ್ಟ ದುಡ್ಡಿಗೆ ಮೋಸವಿಲ್ಲದವು. ಅಯಸ್ಕಾಂತ ಬದಲಿಸಬೇಕು. ಒಂಬತ್ತು ಕಲ್ಲುಗಳಲ್ಲಿ ಎಂಟು ಡಬ್ಬಿ ಬಿಟ್ಟು ಹೊರಬರುವುದೇ ಇಲ್ಲ. ಕಪ್ಪು ಹರಳಿನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮಾತಾಡುವ ಉಪಕರಣವಾದ ತಕ್ಕಡಿ ಡಬ್ಬಿಯಲ್ಲಿ ಇಲ್ಲವೇ ಇಲ್ಲ.

ಕೈಪಿಡಿಯಿಂದಲೇ ತೊಡಗೋಣ, ಏಕೆಂದರೆ ದಾರಿ ತಪ್ಪುವುದು ಅಲ್ಲೇ. ಇಂಥ ಕೈಪಿಡಿಗಳು ಮೊದಲ ಪುಟದಲ್ಲೇ ಬಣ್ಣ ನೋಡಿ ಎನ್ನುತ್ತವೆ. ಹಸಿರು, ನೇರಳೆ, ಹಳದಿಗೆ ಆ ಸಲಹೆ ಅಷ್ಟಿಷ್ಟು ನಡೆದೀತು. ಕಪ್ಪಿಗೆ ನಡೆಯುವುದಿಲ್ಲ. ಖನಿಜದಲ್ಲಿ ಕಬ್ಬಿಣ ಹೆಚ್ಚಾದರೆ ಬಹುಪಾಲು ಸಿಲಿಕೇಟುಗಳು (ಸಿಲಿಕಾನ್, ಆಮ್ಲಜನಕ ಸೇರಿ ಆದ ಖನಿಜಗಳು) ಕಪ್ಪಾಗಿಯೇ ಕಾಣುತ್ತವೆ. ಟೂರ್ಮಲಿನ್, ಹಾರ್ನ್‌ಬ್ಲೆಂಡ್, ಪೈರಾಕ್ಸೀನ್, ಕಪ್ಪು ಅಭ್ರಕ ಎಲ್ಲವೂ ಒಂದೇ ಕುಲುಮೆಯಿಂದ ಬಂದಂತೆ. ಅದಿರುಗಳಾದ ಮ್ಯಾಗ್ನೆಟೈಟ್, ಇಲ್ಮೆನೈಟ್, ಕ್ರೋಮೈಟ್‌ಗಳ ಬಣ್ಣವೂ ಕಪ್ಪೇ. ಆದ್ದರಿಂದ ಕೈಪಿಡಿಯ ಕಪ್ಪು ಪುಟ ತೆರೆದು ಚಿತ್ರಕ್ಕೆ ಹೋಲಿಸುತ್ತ ಕೂತರೆ ಸಂಜೆಯಾದರೂ ಉತ್ತರ ಸಿಗದು. ಮೊಬೈಲಿನಲ್ಲಿ ಫೋಟೊ ಹಿಡಿದು ಹೆಸರು ಹೇಳುವ ಆ್ಯಪ್‌ಗಳ ಪಾಡೂ ಇದೇ. ಅವು ನೋಡುವುದು ಬಣ್ಣ ಮತ್ತು ಆಕಾರವನ್ನಷ್ಟೆ, ತೂಕ ನೋಡಲು ಅವಕ್ಕೆ ಕೈಯಿಲ್ಲ.

ಕೈಪಿಡಿಯಲ್ಲಿ ಇಲ್ಲದ, ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಕ್ವಾರಿ ಯಾವ ಕಲ್ಲಿನದು? ಹಾಸನ, ಮೈಸೂರು, ಮಂಡ್ಯ ಕಡೆ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರಕ್ಕೆಂದು ತೋಡಿದ ಹಳೆಯ ಗುಂಡಿಗಳು ಬಹುಮಟ್ಟಿಗೆ ಪೆಗ್ಮಟೈಟ್ ಎಂಬ ದಪ್ಪಹರಳಿನ ಶಿಲೆಯವು. ಅಲ್ಲಿ ಬಿಳಿ ಕಲ್ಲಿನೊಳಗೆ ಪೆನ್ಸಿಲಿನಂತೆ ನಾಟಿಕೊಂಡ ಕಪ್ಪು ಕಡ್ಡಿ ಕಂಡರೆ ಮೊದಲ ಅನುಮಾನ ಕಪ್ಪು ಟೂರ್ಮಲಿನ್ ಮೇಲೆ, ಅಂದರೆ ಶೋರ್ಲ್ ಮೇಲೆ. ಚಾಮರಾಜನಗರದ ಕಡೆ ‘ಬ್ಲ್ಯಾಕ್ ಗ್ರಾನೈಟ್’ ಎಂದು ಮಾರುವ ಕರಿಕಲ್ಲು ಬಹುಪಾಲು ಡಾಲರೈಟ್. ಹೆಸರಿನಲ್ಲಷ್ಟೆ ಗ್ರಾನೈಟ್. ಅದರಲ್ಲಿ ಪೈರಾಕ್ಸೀನ್ ಮತ್ತು ಕಣಕಣವಾದ ಮ್ಯಾಗ್ನೆಟೈಟ್ ಇರುತ್ತವೆ, ಬೆರಳುದ್ದದ ಹರಳು ಸಿಗುವುದು ಅಪರೂಪ. ಹೊಳೆನರಸೀಪುರದ ಸುತ್ತಿನ ಪದರಶಿಲೆಗಳಲ್ಲಿ ಸ್ಟಾರೊಲೈಟ್, ಗಾರ್ನೆಟ್. ಹಾಸನ ಜಿಲ್ಲೆಯ ಬೈರಾಪುರದ ಕಡೆ ಕ್ರೋಮೈಟ್. ಬಾಬಾಬುಡನ್‌ಗಿರಿ, ಕುದುರೆಮುಖದ ಪಟ್ಟೆಕಲ್ಲಿನಲ್ಲಿ ಮ್ಯಾಗ್ನೆಟೈಟ್, ಹೆಮಟೈಟ್. ಸಂಡೂರಿನಲ್ಲಿ ಕೈಗೆ ಮಸಿ ಹತ್ತುವ ಮ್ಯಾಂಗನೀಸ್ ಅದಿರು. ಹರಳನ್ನು ಒಡೆದು ತರುವಾಗ ಅದು ಕೂತಿದ್ದ ಕಲ್ಲಿನ ಒಂದು ಚೂರನ್ನೂ ಜೊತೆಗೇ ತರಬೇಕೆನ್ನುವುದು ಇದಕ್ಕೇ. ಊರು ಗೊತ್ತಿಲ್ಲದವನ ಕುಲ ಹೇಳುವುದು ಕಷ್ಟ.

ಇನ್ನು ಡಬ್ಬಿಯೊಳಕ್ಕೆ.

ಒರೆಬಿಲ್ಲೆ

ಅಕ್ಕಸಾಲಿ ಚಿನ್ನವನ್ನು ಒರೆಗಲ್ಲಿಗೆ ತಿಕ್ಕುವ ಹಾಗೆಯೇ ಇದೂ. ಮೆರುಗಿಲ್ಲದ ಪಿಂಗಾಣಿಯ ಮೇಲೆ ಹರಳನ್ನು ಎಳೆದರೆ ಬೀಳುವ ಪುಡಿಯ ಬಣ್ಣವೇ ಒರೆ. ಹರಳು ಹೊರಗೆ ಎಷ್ಟೇ ಕಪ್ಪಗಿದ್ದರೂ ಪುಡಿ ಸುಳ್ಳು ಹೇಳುವುದಿಲ್ಲ. ಮ್ಯಾಗ್ನೆಟೈಟ್ ಒರೆ ಕಪ್ಪು. ಹೆಮಟೈಟ್ ಕನ್ನಡಿಯಂತೆ ಕಪ್ಪಗೆ ಮಿಂಚುತ್ತಿದ್ದರೂ ಒರೆ ಕೆಂಪುಗಂದು, ಕೆಮ್ಮಣ್ಣಿನ ಬಣ್ಣ. ಕ್ರೋಮೈಟ್ ಗಾಢ ಕಂದು. ಗೋಥೈಟ್ ಹಳದಿಗಂದು. ಇಲ್ಮೆನೈಟ್ ಕಪ್ಪು, ಕೆಲವೊಮ್ಮೆ ಕಂದು ಛಾಯೆಯ ಕಪ್ಪು. ಹಾರ್ನ್‌ಬ್ಲೆಂಡ್ ಮತ್ತು ಪೈರಾಕ್ಸೀನ್ ಬೂದುಹಸಿರಿನ ತಿಳಿ ಗೆರೆ. ಸತುವಿನ ಅದಿರಾದ ಸ್ಫಾಲರೈಟ್ ಕಪ್ಪಾಗಿದ್ದರೂ ಒರೆ ತಿಳಿಹಳದಿಯಿಂದ ಕಂದು. ಒಂದೇ ಗೆರೆಯಲ್ಲಿ ಅದಿರು ಒಂದು ಕಡೆ, ಸಿಲಿಕೇಟ್ ಇನ್ನೊಂದು ಕಡೆ ಆಗಿಬಿಡುತ್ತದೆ. ಡಬ್ಬಿಯಲ್ಲಿ ಇಷ್ಟು ಅಗ್ಗದ, ಇಷ್ಟು ನಂಬಿಗಸ್ತ ವಸ್ತು ಇನ್ನೊಂದಿಲ್ಲ.

ಆದರೆ ಬಿಲ್ಲೆಗೂ ಒಂದು ಮಿತಿಯಿದೆ. ಒಂದರಿಂದ ಹತ್ತರವರೆಗಿನ ಮೋಸ್ ಅಳತೆಯಲ್ಲಿ ಪಿಂಗಾಣಿಯ ಗಡಸುತನ ಸುಮಾರು 6.5ರಿಂದ 7. ಟೂರ್ಮಲಿನ್, ಸ್ಟಾರೊಲೈಟ್, ಗಾರ್ನೆಟ್ ಇದಕ್ಕಿಂತ ಗಟ್ಟಿ. ಅವನ್ನು ಎಳೆದರೆ ಸವೆಯುವುದು ಹರಳಲ್ಲ, ಬಿಲ್ಲೆ. ಬಿಳಿ ಪುಡಿ ಬೀಳುತ್ತದೆ, ನೋಡಿದವರು ‘ಒರೆ ಬಿಳಿ’ ಎಂದು ಬರೆದುಕೊಳ್ಳುತ್ತಾರೆ. ಅದು ಪಿಂಗಾಣಿಯ ಪುಡಿ. ಪತ್ತೆಹಚ್ಚುವ ಬಗೆ ಸುಲಭ: ಪುಡಿಯನ್ನು ಒರೆಸಿ ಬೆರಳು ಆಡಿಸಿ. ಗೀರು ಉಗುರಿಗೆ ಸಿಕ್ಕರೆ ಬಿಲ್ಲೆ ಕೆತ್ತಿಹೋಗಿದೆ ಎಂದರ್ಥ. ಆಗ ಹರಳಿನ ಸಾಸಿವೆ ಗಾತ್ರದ ಚೂರನ್ನು ಕಾಗದದೊಳಗೆ ಮಡಚಿ, ಗಟ್ಟಿ ಉಕ್ಕಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿ, ಬಂದ ಪುಡಿಯನ್ನು ಬಿಳಿ ಹಾಳೆಯ ಮೇಲೆ ಬೆರಳಿಂದ ತಿಕ್ಕಿ ನೋಡಬೇಕು. ಚೂರು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಟೂರ್ಮಲಿನ್ ಪುಡಿ ಬೂದುಬಿಳಿ ಬರುತ್ತದೆ. ಇದ್ದಿಲಿನಂಥ ಹರಳಿನಿಂದ ಇಷ್ಟು ಬೆಳ್ಳಗಿನ ಪುಡಿ ಬಂದದ್ದೇ ಒಂದು ಸುಳಿವು. ಕಪ್ಪು ಬಿಲ್ಲೆ ಇಂಥ ತಿಳಿಬಣ್ಣದ ಪುಡಿ ಕಾಣಿಸಲು ಕೊಟ್ಟದ್ದು, ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ.

ಬಿಲ್ಲೆ ಕೊಳೆಯಾದಾಗ ಸೋಪಿಗೆ ಜಗ್ಗುವುದಿಲ್ಲ. ಪೇಂಟರ್‌ಗಳು ಬಳಸುವ ವಾಟರ್ ಪೇಪರ್, 220 ನಂಬರಿನದು, ನೀರು ಹಾಕಿ ಉಜ್ಜಿದರೆ ಹೊಸದರಂತಾಗುತ್ತದೆ. ಹಳೆಯ ಮ್ಯಾಗ್ನೆಟೈಟ್ ಮಸಿಯ ಮೇಲೆಯೇ ಹೊಸ ಹರಳು ಎಳೆದರೆ ಎಲ್ಲದರ ಒರೆಯೂ ಕಪ್ಪು. ಬಿಲ್ಲೆ ಒಡೆದರೆ ಹೊಸ ಕಿಟ್ ಬೇಡ, ಟೈಲ್ಸ್ ಅಂಗಡಿಯಲ್ಲಿ ಒಡೆದ ಚೂರು ಕೇಳಿ ತಂದು ಅದರ ಹಿಂಬದಿ ಬಳಸಿ. ಒಡಲು ಬಿಳಿ ಇರುವ ಟೈಲ್ಸ್ ಆಗಬೇಕು. ಕೆಂಪು ಮಣ್ಣಿನ ಒಡಲಿನದಾದರೆ ಹೆಮಟೈಟ್ ಒರೆಯೂ ಟೈಲ್ಸಿನ ಪುಡಿಯೂ ಒಂದೇ ಬಣ್ಣವಾಗಿ ಗೊಂದಲ.

ಗಡಸುತನದ ಕಲ್ಲುಗಳು

ಡಬ್ಬಿಯ ಮುಖಪುಟದಲ್ಲಿ ಮೆರೆಯುವುದು ಇವೇ. 1812ರಲ್ಲಿ ಜರ್ಮನ್ ಖನಿಜವಿಜ್ಞಾನಿ ಫ್ರೆಡ್ರಿಕ್ ಮೋಸ್ ಮಾಡಿದ ಹತ್ತು ಮೆಟ್ಟಿಲ ಅಳತೆ: ಬಳಪ, ಜಿಪ್ಸಮ್, ಕ್ಯಾಲ್ಸೈಟ್, ಫ್ಲೋರೈಟ್, ಅಪಟೈಟ್, ಫೆಲ್ಡ್‌ಸ್ಪಾರ್, ಬೆಣಚು, ಟೋಪಾಜ್, ಕುರುಂದ, ವಜ್ರ. ವಜ್ರವೊಂದನ್ನು ಬಿಟ್ಟು ಉಳಿದವು ಡಬ್ಬಿಯಲ್ಲಿವೆ. ನೋಡಲು ಚೆಂದ, ಶಾಲೆಯ ಪ್ರದರ್ಶನಕ್ಕೆ ಇನ್ನೂ ಚೆಂದ.

ಕಪ್ಪು ಹರಳಿನ ಕೆಲಸಕ್ಕೆ ಇವು ಏಕೆ ಸೋಲುತ್ತವೆ ಎಂದರೆ, ನಮ್ಮ ಅನುಮಾನಿತರಲ್ಲಿ ಮುಕ್ಕಾಲು ಪಾಲು 5ರಿಂದ 6.5ರ ನಡುವೆಯೇ ಗುಂಪುಗೂಡಿದ್ದಾರೆ. ಹಾರ್ನ್‌ಬ್ಲೆಂಡ್ 5–6, ಪೈರಾಕ್ಸೀನ್ 5.5–6, ಇಲ್ಮೆನೈಟ್ 5–6, ಕ್ರೋಮೈಟ್ 5.5, ಮ್ಯಾಗ್ನೆಟೈಟ್ 5.5–6.5. ಇವುಗಳ ನಡುವೆ ಅಪಟೈಟ್ ಚೂರು ಹಿಡಿದು ನ್ಯಾಯ ಹೇಳಲಾಗದು. ಉಪಯೋಗಕ್ಕೆ ಬರುವುದು ಎರಡೇ ಗೆರೆ. ಉಗುರಿಗೆ ಅಥವಾ ತಾಮ್ರದ ತಂತಿಗೆ ಗೀರು ಬಿದ್ದರೆ ಕಪ್ಪು ಅಭ್ರಕ, ಅಂದರೆ ಬಯೊಟೈಟ್, ಗಡಸುತನ 2.5–3. ಬೆಣಚುಕಲ್ಲಿಗೇ ಗೀರು ಹಾಕಿದರೆ ಟೂರ್ಮಲಿನ್, ಸ್ಟಾರೊಲೈಟ್, ಕುರುಂದದ ಬಳಗ. ಬೆಣಚು ಬೇಕೆಂದರೆ ಯಾವ ಹೊಲದ ಬದುವಿನಲ್ಲಾದರೂ ಬಿದ್ದಿರುತ್ತದೆ. ಕೈಪಿಡಿ ತಾಮ್ರದ ನಾಣ್ಯ ಬಳಸಿ ಎನ್ನುತ್ತದೆ. ನಮ್ಮ ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಸ್ಟೇನ್‌ಲೆಸ್ ಸ್ಟೀಲಿನವು, ಅವುಗಳಿಂದ ಕೆರೆದು ‘3’ ಎಂದು ಬರೆದರೆ ಎಲ್ಲ ತಲೆಕೆಳಗು. ಕರೆಂಟಿನ ವಯರಿನ ತಾಮ್ರವೇ ಸರಿ.

ಕೆರೆಯುವಾಗಿನ ತಪ್ಪುಗಳು ಹಳೆಯವೇ. ಮೆತ್ತಗಿನ ವಸ್ತು ಗಟ್ಟಿಯ ಮೇಲೆ ಪುಡಿ ಬಿಡುತ್ತದೆ, ಅದನ್ನು ಗೀರು ಎಂದುಕೊಳ್ಳುತ್ತಾರೆ. ಒದ್ದೆ ಬೆರಳಲ್ಲಿ ಒರೆಸಿ, ಲೂಪ್‌ನಲ್ಲಿ ನೋಡಿ, ಗೀರು ಉಳಿದಿದ್ದರೆ ಮಾತ್ರ ಲೆಕ್ಕ. ಬಿಸಿಲು ಮಳೆಗೆ ಬಿದ್ದು ಕೊಳೆತ ಮೈ ಒಂದೆರಡು ಮೆಟ್ಟಿಲು ಮೆತ್ತಗಾಗಿ ತೋರುತ್ತದೆ, ಹೊಸದಾಗಿ ಮುರಿದ ಮುಖವನ್ನೇ ಕೆರೆಯಬೇಕು. ಹಾರ್ನ್‌ಬ್ಲೆಂಡ್ ಗೀರು ಬೀಳುವ ಮೊದಲು ಎಳೆಎಳೆಯಾಗಿ ಸೀಳುತ್ತದೆ, ಅದು ಮೆತ್ತಗೆ ಎಂದಲ್ಲ.

ಲೂಪ್, ಮತ್ತು ಟೂರ್ಮಲಿನ್–ಹಾರ್ನ್‌ಬ್ಲೆಂಡ್ ಗೊಂದಲ

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಸಾಕು. ಮೂವತ್ತು, ನಲವತ್ತು ಪಟ್ಟು ಎಂದು ಕೆತ್ತಿರುವ ಅಗ್ಗದ ಲೂಪ್‌ಗಳಲ್ಲಿ ಮಸೂರ ಒಂದೇ ಇರುತ್ತದೆ, ಅಂಚು ಮಸುಕಾಗಿ ಬಣ್ಣದ ಚೌಕಟ್ಟು ಕಾಣುತ್ತದೆ, ಬೆಳಕೂ ಸಾಲದು. ಮೂರು ಮಸೂರ ಅಂಟಿಸಿದ, ‘ಟ್ರಿಪ್ಲೆಟ್’ ಎಂದು ಬರೆದಿರುವುದನ್ನು ಆರಿಸಿ. ಹಿಡಿಯುವ ಬಗೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಭೂತಗನ್ನಡಿಯ ಹಾಗೆ ಕೈಯುದ್ದ ದೂರ ಹಿಡಿಯುವುದಲ್ಲ. ಲೂಪ್ ಕಣ್ಣಿಗೆ ತಾಗುವಷ್ಟು ಹತ್ತಿರ, ಹರಳು ಅಲ್ಲಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿ, ಬೆಳಕು ಪಕ್ಕದಿಂದ.

ಲೂಪ್ ದುಡ್ಡು ತೀರಿಸುವುದು ಈ ಜಾಗದಲ್ಲಿ: ಕ್ವಾರಿಯಲ್ಲಿ ಸಿಗುವ ಕಪ್ಪು ಕಡ್ಡಿಗಳಲ್ಲಿ ಹೆಚ್ಚಿನ ಜಗಳ ಟೂರ್ಮಲಿನ್ ಮತ್ತು ಹಾರ್ನ್‌ಬ್ಲೆಂಡ್ ನಡುವೆ. ಎರಡೂ ಉದ್ದ, ಎರಡೂ ಕಪ್ಪು, ಎರಡರ ಅಡ್ಡಕೊಯ್ತವೂ ಸುಮಾರಾಗಿ ಆರು ಮೂಲೆಯದು. ತೂಕದಲ್ಲೂ ಒಂದರ ಮೇಲೊಂದು ಬೀಳುತ್ತವೆ. ಬೇರ್ಪಡಿಸುವುದು ಮುರಿದ ಮುಖ. ಟೂರ್ಮಲಿನ್‌ಗೆ ಹೇಳಿಕೊಳ್ಳುವಂಥ ಸೀಳು, ಅಂದರೆ ಗೊತ್ತಾದ ದಿಕ್ಕಿಗೇ ನುಣುಪಾಗಿ ಒಡೆಯುವ ಗುಣ, ಇಲ್ಲ. ಅಡ್ಡಕ್ಕೆ ಮುರಿದರೆ ಕಲ್ಲಿದ್ದಲಿನ ಚೂರಿನಂತೆ ಅಂಕುಡೊಂಕು, ಅಲ್ಲಲ್ಲಿ ಶಂಖದ ಬಳೆಯಂಥ ಅಲೆ. ಹಾರ್ನ್‌ಬ್ಲೆಂಡ್‌ಗೆ ಉದ್ದಕ್ಕೆ ಎರಡು ದಿಕ್ಕಿನ ಚೊಕ್ಕ ಸೀಳು. ಲೂಪ್ ಅಡಿ ತಿರುಗಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಎಲ್ಲ ಒಂದೇ ಸಲ ಫಳಕ್ಕನೆ ಹೊಳೆಯುತ್ತವೆ. ಟೂರ್ಮಲಿನ್ ಕಡ್ಡಿಯ ಮೈಮೇಲೆ ಉದ್ದುದ್ದ ಗೀರುಗಳು ಸೀರೆಯ ನೆರಿಗೆಯಂತೆ ಒತ್ತಾಗಿರುತ್ತವೆ, ಕೊನೆ ನೋಡಿದರೆ ಬದಿ ಉಬ್ಬಿದ ತ್ರಿಕೋನ. ಈ ಉಬ್ಬುತ್ರಿಕೋನ ಒಂದು ಕಂಡರೆ ಮಿಕ್ಕ ಪರೀಕ್ಷೆ ಖಾತ್ರಿಗಷ್ಟೆ. ಇವೆರಡರ ಮೇಲೂ ಬೆಣಚು ಎಳೆದು ನೋಡಿ: ಹಾರ್ನ್‌ಬ್ಲೆಂಡ್‌ಗೆ ಗೀರು ಬೀಳುತ್ತದೆ, ಟೂರ್ಮಲಿನ್‌ಗೆ ಬೀಳುವುದಿಲ್ಲ.

ಹಾರ್ನ್‌ಬ್ಲೆಂಡ್ ಮತ್ತು ಪೈರಾಕ್ಸೀನ್ ನಡುವೆ ಲೆಕ್ಕ ಕೋನದ್ದು. ಹಾರ್ನ್‌ಬ್ಲೆಂಡ್‌ನ ಎರಡು ಸೀಳು ಕೂಡುವುದು 56 ಮತ್ತು 124 ಡಿಗ್ರಿಯಲ್ಲಿ, ಅಂದರೆ ಓರೆ. ಪೈರಾಕ್ಸೀನ್‌ನದು 87 ಮತ್ತು 93, ಕಣ್ಣಿಗೆ ಲಂಬಕೋನವೇ. ಕೋನ ಅಳೆಯುವ ಸಾಧನ ಡಬ್ಬಿಯಲ್ಲಿಲ್ಲ. ಬೇಕಾಗಿಯೂ ಇಲ್ಲ. ಪೋಸ್ಟ್‌ಕಾರ್ಡಿನ ಮೂಲೆ 90 ಡಿಗ್ರಿ, ಅದನ್ನು ಸೀಳಿನ ಮೂಲೆಗೆ ಹಿಡಿದರೆ ಕೂತಿತೋ ಓರೆಯಾಯಿತೋ ಗೊತ್ತಾಗಿಬಿಡುತ್ತದೆ. ಅಂಕಿಯೇ ಬೇಕೆಂದರೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕವಿದೆ. ಹರಳಿನ ಹೊರಮುಖದ ಕೋನವನ್ನು ಸೀಳಿನ ಕೋನ ಎಂದುಕೊಳ್ಳಬಾರದು. ಹೊರಮುಖ ಬೆಳೆದದ್ದು, ಸೀಳು ಒಡೆದದ್ದು. ಬೆಳೆದ ಮುಖ ಒಂದೇ ಇರುತ್ತದೆ, ಸೀಳು ಎಷ್ಟು ಒಡೆದರೂ ಅದೇ ದಿಕ್ಕಿಗೆ ಮತ್ತೆ ಮತ್ತೆ ಬರುತ್ತದೆ.

ಕಪ್ಪು ಅಭ್ರಕಕ್ಕೆ ಇಷ್ಟು ಪುರಾಣ ಬೇಡ. ಪಿನ್ನಿನ ಮೊನೆ ಹಾಕಿದರೆ ಹಾಳೆಯಾಗಿ ಏಳುತ್ತದೆ, ಬಾಗಿಸಿ ಬಿಟ್ಟರೆ ಮರಳಿ ನೆಟ್ಟಗಾಗುತ್ತದೆ.

ಅಯಸ್ಕಾಂತ

ಡಬ್ಬಿಯಲ್ಲಿ ಬರುವ ಕರಿ ಫೆರೈಟ್ ತುಂಡು ಮ್ಯಾಗ್ನೆಟೈಟ್ ಒಂದನ್ನೇ ಹಿಡಿಯುತ್ತದೆ. ಹತ್ತು ಮಿಲಿಮೀಟರಿನ ನಿಯೋಡೈಮಿಯಮ್ ಬಿಲ್ಲೆ, ಅಂದರೆ ಬಲವಾದ ಅಯಸ್ಕಾಂತ, ಬೇರೆ ತರಿಸಿ, ಅಥವಾ ಕೆಟ್ಟ ಹಾರ್ಡ್‌ಡಿಸ್ಕ್ ಬಿಚ್ಚಿ ಅದರೊಳಗಿನದನ್ನು ತೆಗೆಯಿರಿ. ಅದನ್ನು ಹರಳಿಗೆ ಒತ್ತಿ ಅಂಟಿತೇ ಎಂದು ನೋಡುವುದು ಒಡ್ಡು ಪರೀಕ್ಷೆ. ಬಿಲ್ಲೆಯನ್ನು ಒಂದಡಿ ದಾರಕ್ಕೆ ಕಟ್ಟಿ ತೂಗುಬಿಟ್ಟು, ಗಾಳಿಯಿಲ್ಲದ ಕಡೆ ಹರಳನ್ನು ಮೆಲ್ಲಗೆ ಹತ್ತಿರ ತನ್ನಿ. ಮ್ಯಾಗ್ನೆಟೈಟ್ ದೂರದಿಂದಲೇ ಎಳೆದು ಟಕ್ಕೆಂದು ಬಡಿಯುತ್ತದೆ. ಇಲ್ಮೆನೈಟ್, ಕ್ರೋಮೈಟ್, ಕಬ್ಬಿಣ ಹೆಚ್ಚಿರುವ ಗಾರ್ನೆಟ್ ತಾಗುವಷ್ಟು ಹತ್ತಿರ ಬಂದಾಗ ದಾರವನ್ನು ಓರೆ ಮಾಡುತ್ತವೆ. ಕಪ್ಪು ಟೂರ್ಮಲಿನ್ ಕೂಡ ತುಸು ಎಳೆದೀತು, ಅದರಲ್ಲೂ ಕಬ್ಬಿಣವಿದೆಯಲ್ಲ. ‘ಅಯಸ್ಕಾಂತಕ್ಕೆ ಅಲುಗಿತು, ಹಾಗಾದರೆ ಕಬ್ಬಿಣದ ಅದಿರು’ ಎಂಬ ತೀರ್ಮಾನ ಈ ಬಲವಾದ ಬಿಲ್ಲೆಯ ಕಾಲದಲ್ಲಿ ನಡೆಯದು.

ಹರಳಿಗೆ ಅಂಟಿಕೊಂಡ ತಾಯಿಕಲ್ಲಿನಲ್ಲಿ ಮ್ಯಾಗ್ನೆಟೈಟ್ ಕಣಗಳಿದ್ದರೆ ಇಡೀ ಚೂರು ಎಳೆಯುತ್ತದೆ, ಹರಳಿನದಲ್ಲದ ತಪ್ಪು ಹರಳಿನ ತಲೆಗೆ. ಡಾಲರೈಟ್‌ನಲ್ಲಿ ಇದು ಸಾಮಾನ್ಯ. ಚೊಕ್ಕ ಚೂರು ಬಿಡಿಸಿಕೊಂಡು ನೋಡಬೇಕು. ಇನ್ನೊಂದು, ಈ ಅಯಸ್ಕಾಂತವನ್ನು ಕೆಮ್ಮಣ್ಣಿನ ಮೇಲೆ ಇಟ್ಟರೆ ಮೀಸೆ ಬೆಳೆಸಿಕೊಳ್ಳುತ್ತದೆ, ಬಿಡಿಸುವುದು ಕಷ್ಟ. ಪ್ಲಾಸ್ಟಿಕ್ ಕವರಿನೊಳಗಿಟ್ಟು ಬಳಸಿದರೆ ಕವರ್ ತೆಗೆದಾಗ ಎಲ್ಲ ಉದುರುತ್ತದೆ.

ಡಬ್ಬಿಯಲ್ಲಿ ಇಲ್ಲದ ತಕ್ಕಡಿ

ಕಪ್ಪು ಹರಳುಗಳಲ್ಲಿ ನಿಜವಾದ ಅಂತರ ಇರುವುದು ತೂಕದಲ್ಲಿ. ಅದೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ ಹಾಕಿದರೆ, ಕಪ್ಪು ಬೆಣಚು 2.65, ಟೂರ್ಮಲಿನ್ 3.1ರಿಂದ 3.25, ಹಾರ್ನ್‌ಬ್ಲೆಂಡ್ 3.0–3.4, ಪೈರಾಕ್ಸೀನ್ 3.2–3.6, ಸ್ಟಾರೊಲೈಟ್ ಸುಮಾರು 3.7, ಕುರುಂದ 4.0, ಅಲ್ಮಂಡೈನ್ ಗಾರ್ನೆಟ್ 4.3ರವರೆಗೆ, ಕ್ರೋಮೈಟ್ 4.5–4.8, ಇಲ್ಮೆನೈಟ್ 4.7, ಮ್ಯಾಗ್ನೆಟೈಟ್ 5.2, ನಯೋಬಿಯಮ್ ಅದಿರಾದ ಕೊಲಂಬೈಟ್ 5.2ರಿಂದ ಶುರುವಾಗಿ, ಟ್ಯಾಂಟಲಮ್ ಹೆಚ್ಚಿ ಟ್ಯಾಂಟಲೈಟ್ ಕಡೆ ಸರಿದಂತೆ 8ರವರೆಗೆ, ತವರದ ಅದಿರಾದ ಕ್ಯಾಸಿಟರೈಟ್ 7ರ ಆಸುಪಾಸು. ಮೋಸ್ ಅಳತೆಯಲ್ಲಿ ಒಂದೇ ಮೆಟ್ಟಿಲಲ್ಲಿ ಕೂತಿದ್ದವರು ಇಲ್ಲಿ ಬೀದಿಯುದ್ದಕ್ಕೂ ಹರಡಿಕೊಂಡಿದ್ದಾರೆ.

ಅಡುಗೆಮನೆಯ ಒಂದು ಗ್ರಾಂ ತೋರಿಸುವ ತಕ್ಕಡಿ ಇದಕ್ಕಾಗದು. 0.01 ಗ್ರಾಂ ತೋರಿಸುವ ಜೇಬಿನ ತಕ್ಕಡಿ ಬೇಕು. ಹರಳನ್ನು ಒಣಗಿಸಿ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಮುಕ್ಕಾಲು ನೀರು ತುಂಬಿದ ಹಗುರ ಪ್ಲಾಸ್ಟಿಕ್ ಲೋಟವಿಟ್ಟು ಸೊನ್ನೆ ಮಾಡಿ. ಲೋಟ, ನೀರು ಸೇರಿ ತಕ್ಕಡಿಯ ಮಿತಿ ದಾಟದಿರಲಿ. ಹರಳನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ಕೈಯಲ್ಲೋ ಸ್ಟ್ಯಾಂಡಿನಲ್ಲೋ ಹಿಡಿದು, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ. ಈಗ ತಕ್ಕಡಿ ತೋರಿಸುವುದು ಹರಳು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಉತ್ತರ. ಉದಾಹರಣೆಗೆ 18.60 ಗ್ರಾಂ ಹರಳಿಗೆ ನೀರಿನಲ್ಲಿ 5.81 ಬಂದರೆ 3.20, ಟೂರ್ಮಲಿನ್‌ಗೆ ಹೊಂದುತ್ತದೆ. ಅದೇ 18.60 ಗ್ರಾಮಿಗೆ 3.59 ಬಂದರೆ 5.18, ಮ್ಯಾಗ್ನೆಟೈಟ್.

ಕೆಡುವುದು ಎಲ್ಲೆಲ್ಲಿ? ಗೀರು, ಬಿರುಕುಗಳಲ್ಲಿ ಗಾಳಿಗುಳ್ಳೆ ಕೂತರೆ ಹರಳು ಹಗುರವಾಗಿ ತೋರುತ್ತದೆ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮುಳುಗಿಸಿದ ಹರಳನ್ನು ಕುಂಚದಿಂದ ಸವರಿದರೆ ಗುಳ್ಳೆ ಬಿಡುತ್ತದೆ. ಹತ್ತಿ ದಾರ ನೀರು ಕುಡಿದು ಲೆಕ್ಕ ಕೆಡಿಸುತ್ತದೆ. ಹರಳಿಗೆ ಬೆಣಚೋ ಫೆಲ್ಡ್‌ಸ್ಪಾರೋ ಅಂಟಿದ್ದರೆ ಉತ್ತರ ಕೆಳಗೆ ಜಾರುತ್ತದೆ. ಗಾತ್ರ ಸಣ್ಣದಾದಷ್ಟೂ ನಂಬಿಕೆ ಕಡಿಮೆ: ಒಂದು ಗ್ರಾಮಿನ ಟೂರ್ಮಲಿನ್ ಚೂರು ಸರಿಸುವ ನೀರು ಸುಮಾರು 0.31 ಗ್ರಾಂ, ಅದರಲ್ಲಿ 0.02 ಆಚೀಚೆ ಆದರೆ ಉತ್ತರ 3.03ರಿಂದ 3.45ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಐದು ಗ್ರಾಂ ಇದ್ದರೆ ಅದೇ ತಪ್ಪು 3.17ರಿಂದ 3.25ರೊಳಗೆ ನಿಲ್ಲುತ್ತದೆ. ಆದ್ದರಿಂದ ಐದು ಗ್ರಾಮಿಗಿಂತ ಚಿಕ್ಕದನ್ನು ತೂಗಿ ವಾದಕ್ಕೆ ನಿಲ್ಲಬೇಡಿ. ಮೂರು ಸಲ ತೂಗಿ, ಮೂರೂ ಹೊಂದಿದರೆ ಬರೆಯಿರಿ. ಶುರು ಮಾಡುವ ಮೊದಲು ಚೊಕ್ಕ ಬೆಣಚಿನ ಚೂರೊಂದನ್ನು ತೂಗಿ ನೋಡುವುದು ಒಳ್ಳೆಯ ಅಭ್ಯಾಸ. 2.65 ಬಾರದಿದ್ದರೆ ತಪ್ಪು ನಿಮ್ಮ ಕೈಯಲ್ಲಿದೆ ಇಲ್ಲವೇ ತಕ್ಕಡಿಯಲ್ಲಿ.

ಈ ಲೆಕ್ಕದ ಇನ್ನೊಂದು ಲಾಭ, ಖನಿಜವೇ ಅಲ್ಲದ್ದನ್ನು ಅದು ಬಯಲಿಗೆಳೆಯುವುದು. ಹಳೆಯ ಕ್ವಾರಿಗಳಲ್ಲಿ ಸಿಗುವ ‘ವಿಚಿತ್ರ ಕಪ್ಪು ಕಲ್ಲು’ಗಳಲ್ಲಿ ಕಬ್ಬಿಣದ ಕಿಟ್ಟ, ಕರಿ ಬಾಟಲಿಯ ಗಾಜು, ಗಟ್ಟಿಯಾದ ಡಾಂಬರು ಸಾಕಷ್ಟಿರುತ್ತವೆ. ಡಾಂಬರು ಒಂದರ ಆಸುಪಾಸು, ಗಾಜು ಎರಡೂವರೆ. ಕಿಟ್ಟದ ತೂಕ ನಿಶ್ಚಯವಿಲ್ಲ, ಆದರೆ ಲೂಪ್‌ನಲ್ಲಿ ದುಂಡು ಗುಳ್ಳೆಗಳೂ ಕರಗಿ ಹರಿದ ಗುರುತೂ ಕಾಣುತ್ತವೆ. ಹರಳಿನ ಮೈಯಲ್ಲಿ ದುಂಡು ಗುಳ್ಳೆ ಇರುವುದಿಲ್ಲ.

ಆಸಿಡ್ ಬಾಟಲಿ, ಟಾರ್ಚು, ಬಿಸಿ ಮಾಡುವ ಆಟ

ಆಸಿಡ್ ಬಾಟಲಿ ಖಾಲಿ ಬರುತ್ತದೆ, ಹಾಗೆ ಬರುವುದೇ ಸರಿ. ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲ ಬೇಕಾಗುವುದು ಸುತ್ತಿನ ಬಿಳಿ ಕಲ್ಲು ಕ್ಯಾಲ್ಸೈಟ್ ಹೌದೋ ಅಲ್ಲವೋ ನೋಡಲು. ಕಪ್ಪು ಹರಳುಗಳಲ್ಲಿ ಬಹುಪಾಲು ಅದಕ್ಕೆ ಮೂಸಿಯೂ ನೋಡುವುದಿಲ್ಲ. ಸ್ಫಾಲರೈಟ್ ಪುಡಿಯ ಮೇಲೆ ಒಂದು ತೊಟ್ಟು ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದೊಂದು ಪಕ್ಕಾ ಗುರುತು. ಮತ್ತೊಂದು ಕ್ಯಾಸಿಟರೈಟ್‌ನದು. ತೂಗಿದಾಗ 7ರ ಹತ್ತಿರ ಬಂತು, ಒರೆ ತಿಳಿಯಾಗಿದೆ ಎಂದಿಟ್ಟುಕೊಳ್ಳಿ. ಸತುವಿನ ತಗಡಿನ ಮೇಲೆ ಚೂರನ್ನಿಟ್ಟು, ಮುಳುಗುವಷ್ಟು ಇದೇ ಆಮ್ಲ ಹನಿಸಿ, ಕೆಲವು ನಿಮಿಷ ಬಿಡಿ. ತವರವಿದ್ದರೆ ಚೂರಿನ ಮೈಗೆ ಬೂದುಬಣ್ಣದ ಲೇಪ ಹತ್ತುತ್ತದೆ, ತೊಳೆದು ಬಟ್ಟೆಯಲ್ಲಿ ಉಜ್ಜಿದರೆ ಬೆಳ್ಳಗೆ ಹೊಳೆಯುತ್ತದೆ. ಇದರಲ್ಲಿ ಹೈಡ್ರೋಜನ್ ಏಳುತ್ತದೆ, ಬಯಲಲ್ಲಿ ಮಾಡಿ, ಬೆಂಕಿ ದೂರವಿರಲಿ. ಆಮ್ಲ ತೆಳು ಮಾಡುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ.

ನೇರಳಾತೀತ ಟಾರ್ಚು ಕಪ್ಪು ಹರಳಿನ ಮಟ್ಟಿಗೆ ಮಕ್ಕಳ ಆಟಿಕೆ. ಕಬ್ಬಿಣ ಹೊಳಪನ್ನು ನುಂಗಿಬಿಡುತ್ತದೆ. ಒಂದೇ ಅಪವಾದಕ್ಕೆ ಕೆಳಗೆ ಬರೋಣ.

ಟೂರ್ಮಲಿನ್ ಬಿಸಿಯಾದಾಗ ವಿದ್ಯುತ್ ಪಡೆದು ಬೂದಿಯನ್ನು ಸೆಳೆಯುತ್ತದೆ ಎಂದು ಕೈಪಿಡಿಗಳು ಹೇಳುತ್ತವೆ. ನಿಜವೇ. ಹಿಂದೆ ಡಚ್ಚರು ಅದನ್ನು ‘ಬೂದಿ ಎಳೆಯುವ ಕಲ್ಲು’ ಎಂದೇ ಕರೆದರು. ಆದರೆ ಕಬ್ಬಿಣ ತುಂಬಿದ ಕಪ್ಪು ಟೂರ್ಮಲಿನ್‌ನಲ್ಲಿ ಈ ಗುಣ ಮಂಕು. ಬೂದಿ ಹತ್ತದಿದ್ದರೆ ಟೂರ್ಮಲಿನ್ ಅಲ್ಲ ಎನ್ನಲಾಗದು, ಗ್ಯಾಸ್ ಒಲೆಯ ಮೇಲೆ ಹಿಡಿದರೆ ಒಳ್ಳೆಯ ಹರಳು ಬಿರುಕು ಬಿಡುವುದಂತೂ ಖಂಡಿತ.

ಒರೆಗೆ ಹಚ್ಚಬಾರದ ಕಪ್ಪು

ಈ ಡಬ್ಬಿಗಳ ನಿಜವಾದ ದೋಷ ಇದು: ವಿಕಿರಣದ ಬಗ್ಗೆ ಕೈಪಿಡಿಯಲ್ಲಿ ಮಾತಿಲ್ಲ, ಇದ್ದರೂ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ. ಪೆಗ್ಮಟೈಟ್ ಗುಂಡಿಗಳಲ್ಲಿ ಅಪರೂಪಕ್ಕೆ ಅಲನೈಟ್, ಸಮರ್‌ಸ್ಕೈಟ್, ಯುರಾನಿನೈಟ್‌ನಂಥ ವಿಕಿರಣ ಸೂಸುವ ಕಪ್ಪು ಖನಿಜಗಳು ಸಿಗಬಹುದು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಕಡೆಯ ಪೆಗ್ಮಟೈಟ್‌ಗಳಲ್ಲಿ ಲಿಥಿಯಮ್ ಹುಡುಕಿದ್ದು ಪರಮಾಣು ಖನಿಜ ನಿರ್ದೇಶನಾಲಯವೇ. ಅಪರೂಪದ ಧಾತುಗಳು ಇಂಥ ಶಿಲೆಗಳಲ್ಲೇ ಒಟ್ಟುಗೂಡುತ್ತವೆ. ಗುರುತು ಹೀಗಿರುತ್ತದೆ: ಕೀಲೆಣ್ಣೆ ಅಥವಾ ಡಾಂಬರಿನಂಥ ಹೊಳಪು, ಗಾಜಿನಂಥ ಮುರಿತ, ಗಾತ್ರಕ್ಕೆ ಮೀರಿದ ಭಾರ (ಅಲನೈಟ್ ಮಾತ್ರ 3.5–4.2ರಲ್ಲೇ ನಿಲ್ಲುತ್ತದೆ). ಹರಳಿಗಿಂತಲೂ ಅದರ ಸುತ್ತಲಿನ ಕಲ್ಲು ಹೆಚ್ಚು ಹೇಳುತ್ತದೆ. ಪಕ್ಕದ ಫೆಲ್ಡ್‌ಸ್ಪಾರ್ ಇಟ್ಟಿಗೆಗೆಂಪಾಗಿರುತ್ತದೆ, ಬೆಣಚು ಹೊಗೆ ಹಿಡಿದಂತೆ ಕಪ್ಪಾಗಿರುತ್ತದೆ, ಹರಳಿನಿಂದ ಸೂರ್ಯಕಿರಣದಂತೆ ಬಿರುಕುಗಳು ಹೊರಟಿರುತ್ತವೆ. ಮೈಮೇಲಿನ ಹಳದಿ-ಹಸಿರು ಹುಡಿ ನೇರಳಾತೀತ ಟಾರ್ಚಿಗೆ ಹೊಳೆದರೆ ಅನುಮಾನ ಬಲವಾಗುತ್ತದೆ. ಟಾರ್ಚು ಕೆಲಸಕ್ಕೆ ಬರುವ ಒಂದೇ ಸಂದರ್ಭ ಇದು.

ಇಷ್ಟು ಕಂಡ ಮೇಲೆ ಒರೆಬಿಲ್ಲೆ, ಸುತ್ತಿಗೆ ಎರಡನ್ನೂ ಕೆಳಗಿಡಿ. ಅಪಾಯ ಹೆಚ್ಚಿರುವುದು ಪುಡಿ ಉಸಿರಿಗೆ ಹೋದಾಗ. ಕವರಿಗೆ ಹಾಕಿ ಬಾಯಿ ಕಟ್ಟಿ, ಕೈ ತೊಳೆದು, ಮಲಗುವ ಕೋಣೆಯಿಂದಲೂ ಮಕ್ಕಳಿಂದಲೂ ದೂರ, ಗಾಳಿಯಾಡುವ ಕಡೆ ಇಟ್ಟು, ಬೆಂಗಳೂರಿನ ನಾಗರಬಾವಿಯಲ್ಲಿರುವ ಅದೇ ನಿರ್ದೇಶನಾಲಯದ ದಕ್ಷಿಣ ವಲಯ ಕಚೇರಿಯನ್ನು ಕೇಳುವುದು ಸರಿಯಾದ ದಾರಿ. ವಿಕಿರಣ ಅಳೆಯುವ ಗೈಗರ್ ಕೌಂಟರ್ ಇರುವ ಕಾಲೇಜಿನ ಭೌತಶಾಸ್ತ್ರ ವಿಭಾಗ ಹತ್ತಿರವಿದ್ದರೆ ಅಲ್ಲಿಯೂ ಒಂದು ನಿಮಿಷದ ಕೆಲಸ.

ಡಬ್ಬಿ ಕೈಚೆಲ್ಲುವುದು ಎಲ್ಲಿ?

ಒರೆ, ಸೀಳು, ಅಯಸ್ಕಾಂತ, ತೂಕ ನಾಲ್ಕೂ ಒಂದೇ ಹೆಸರು ಹೇಳಿದರೆ ನಿಲ್ಲಿಸಬಹುದು. ಎರಡು ಹೆಸರಿನ ನಡುವೆ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಎರಡು ಕಡೆ: ಇಲ್ಮೆನೈಟ್–ಕೊಲಂಬೈಟ್ ನಡುವೆ, ಮತ್ತು ಹಾರ್ನ್‌ಬ್ಲೆಂಡ್‌ನ ಒಳಜಾತಿಗಳ ನಡುವೆ. ಎರಡನೆಯದು ಮನೆಯಲ್ಲಿ ಬಗೆಹರಿಯುವ ವ್ಯಾಜ್ಯವಲ್ಲ, ಬಿಟ್ಟುಬಿಡಿ. ಮೊದಲನೆಯದಕ್ಕೆ ಎಕ್ಸ್‌ರೇ ಡಿಫ್ರಾಕ್ಷನ್, ಅಂದರೆ ಎಕ್ಸ್‌ರೇ ಹಾಯಿಸಿ ಹರಳಿನ ಒಳರಚನೆ ನೋಡುವ ಪರೀಕ್ಷೆ, ಬೇಕು, ಅದಕ್ಕೆ ಒಂದು ಗ್ರಾಮಿಗಿಂತ ಕಡಿಮೆ ಪುಡಿ ಸಾಕು. ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಭೂವಿಜ್ಞಾನ ವಿಭಾಗಗಳಿವೆ. ಸಿಕ್ಕ ಜಾಗ, ತಾಯಿಕಲ್ಲಿನ ಚೂರು, ಮನೆಯಲ್ಲಿ ಬಂದ ಅಂಕಿಗಳನ್ನು ಜೊತೆಗೆ ಒಯ್ದರೆ ಅಲ್ಲಿನವರೂ ಆಸಕ್ತಿಯಿಂದ ನೋಡುತ್ತಾರೆ. ಬರೀ ಹರಳು ಮುಂದಿಟ್ಟು ‘ಇದಕ್ಕೆಷ್ಟು ಬೆಲೆ’ ಎಂದರೆ ಮುಖ ತಿರುಗಿಸುತ್ತಾರೆ.

ಚಿನ್ನದಂಗಡಿಯ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ (ಎಕ್ಸ್‌ರೇ ಬಿಟ್ಟು ಒಳಗಿನ ಧಾತುಗಳನ್ನು ಹೇಳುವಂಥದು) ಇಟ್ಟು ನೋಡಿಸುವವರಿದ್ದಾರೆ. ಆ ಯಂತ್ರವನ್ನು ಹೊಂದಿಸಿರುವುದು ಲೋಹಗಳಿಗೆ. ಬೋರಾನ್, ಲಿಥಿಯಮ್‌ನಂಥ ಹಗುರ ಧಾತುಗಳು ಅದಕ್ಕೆ ಕಾಣುವುದಿಲ್ಲ. ಟೂರ್ಮಲಿನ್‌ನಲ್ಲಿ ಇರಲೇಬೇಕಾದ ಬೋರಾನ್ ಕಾಣದ ಯಂತ್ರ ಅದನ್ನು ಹೇಗೆ ಗುರುತಿಸೀತು? ಅಂಕಿ ಬರುತ್ತದೆ, ಅರ್ಥ ಬರುವುದಿಲ್ಲ.

ಕೊಳ್ಳುವವರಿಗೆ ಇಷ್ಟು. ಶಾಲೆಗೆ, ಇಡೀ ತರಗತಿಗೆ ಬೇಕಾದರೆ ಡಬ್ಬಿಯನ್ನೇ ಕೊಳ್ಳಿ, ಒಂಬತ್ತು ಕಲ್ಲುಗಳಿಗೂ ಕೆಲಸ ಸಿಗುತ್ತದೆ. ಒಬ್ಬರೇ ಕ್ವಾರಿ ಸುತ್ತುವವರಾದರೆ ಡಬ್ಬಿ ಬೇಡ, ಬಿಡಿಯಾಗಿ ಟ್ರಿಪ್ಲೆಟ್ ಲೂಪ್, ನಿಯೋಡೈಮಿಯಮ್ ಬಿಲ್ಲೆ, 0.01 ಗ್ರಾಮಿನ ತಕ್ಕಡಿ ತೆಗೆದುಕೊಳ್ಳಿ, ಟೈಲ್ಸ್ ಚೂರು ಪುಕ್ಕಟೆ.  ಕ್ವಾರಿಯ ಮಾಲೀಕರನ್ನೋ ಗುತ್ತಿಗೆದಾರರನ್ನೋ ಕೇಳದೆ ಒಳಗಿಳಿಯಬೇಡಿ. ನೀರು ನಿಂತ ಹಳೆಯ ಗುಂಡಿಯ ಅಂಚು ಕುಸಿಯುತ್ತದೆ. ಗೋಡೆಯಲ್ಲಿ ಕೊರೆದ ಕುಳಿಯೊಳಗೆ ವಯರು ಕಂಡರೆ ಸಿಡಿಯದೆ ಉಳಿದ ಮದ್ದಿರಬಹುದು, ಅದರ ಹತ್ತಿರ ಸುತ್ತಿಗೆ ಎತ್ತಬಾರದು. ಒಳ್ಳೆಯ ಹರಳುಗಳು ಹೇಗೂ ಗೋಡೆಯಲ್ಲಲ್ಲ, ಹೊರಗೆ ಸುರಿದ ಕಲ್ಲುರಾಶಿಯಲ್ಲೇ ಹೆಚ್ಚು ಸಿಗುವುದು. ಮೊದಲ ಮಳೆ ಬಿದ್ದ ಮಾರನೆಯ ದಿನ ಧೂಳು ತೊಳೆದುಹೋಗಿ ಚೆನ್ನಾಗಿ ಕಾಣುತ್ತವೆ.